ಕೆಂಪಮ್ಮಜ್ಜಿಯ ದನಿಯಲ್ಲಿ ನಾನು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ರೆಕಾರ್ಡಿಂಗಿನಲ್ಲಿ ಮಾತಾಡಿದ್ದು ಕೆಂಪಮ್ಮಜ್ಜಿ ಅಲ್ಲ, ನಾನು. ನಡುವೆ ಎರಡು ಸಲ ಕೂಗಿದ ಕೋಳಿಯೂ ನಾನೇ. ಕೆಮ್ಮು ಮಾತ್ರ ಅಸಲಿ. ಹಾಸ್ಟೆಲಿನ ಹೊದಿಕೆಯ ಧೂಳು ಮೂಗಿಗೆ ಹೋಗಿತ್ತು.

ಇದನ್ನು ಈಗ ಯಾಕೆ ಹೇಳುತ್ತಿದ್ದೇನೆಂದರೆ, ಬೆಳಿಗ್ಗೆ ನನ್ನ ಮೇಜು ಒರೆಸುತ್ತಿದ್ದ ಅವ್ವ ಅಲ್ಲಿದ್ದ ಎರಡು ಹಿತ್ತಾಳೆ ಬಳೆಗಳನ್ನು ಎತ್ತಿ ಹಿಡಿದು, "ಈ ಗುಜರಿಯ ಯಾಕ್ಲಾ ಮಡಿಕಂಡಿದ್ದೀಯ? ಪಾತ್ರೆಯೋನು ಬೀದೀಲವ್ನೆ, ಕೊಟ್ಟು ಒಂದು ಸೌಟಾದ್ರೂ ಈಸ್ಕತೀನಿ" ಎಂದಳು. ನಾನು ಹಲ್ಲುಜ್ಜುತ್ತಿದ್ದವನು ನೊರೆಬಾಯಲ್ಲೇ ಓಡಿಹೋಗಿ ಕಿತ್ತುಕೊಂಡೆ. ಬಳೆ ಎಂದರೆ ಕೈಗೆ ತೊಡುವ ಬಳೆಯಲ್ಲ. ಕಬ್ಬಿನ ಗಾಣದಲ್ಲಿ ಉರುಳೆಯ ತುದಿ ಕೂತು ತಿರುಗುತ್ತದಲ್ಲ, ಆ ದಪ್ಪ ಬಳೆ. ಬುಷ್ಷು ಅನ್ನುತ್ತಾರೆ. ಎರಡೂ ಒಂದೇ ಅಳತೆಯವು, ಒಂದೇ ಅಂಗಡಿಯವು. ಒಂದು ಸುತ್ತಲೂ ಸಮನಾಗಿ ಸವೆದಿದೆ. ಇನ್ನೊಂದು ಒಂದೇ ಮಗ್ಗುಲಿಗೆ ಸವೆದು, ಆ ಕಡೆ ಕಾಗದದಷ್ಟು ತೆಳ್ಳಗಾಗಿದೆ. ಇವೆರಡರ ಕೆಳಗೆ ನನ್ನ ಎಂ.ಎ. ಪ್ರಾಜೆಕ್ಟು ಫ್ಯಾನಿನ ಗಾಳಿಗೆ ಹಾರದಂತೆ ಮಲಗಿದೆ. ಅದು ನಾನು ಎರಡನೆಯ ಸಲ ಬರೆದದ್ದು. ನಿಮಗೆ ಹೇಳಹೊರಟಿರುವುದು ಮೊದಲನೆಯ ಸಲದ್ದರ ಕತೆ.

ನನಗೆ ಮದ್ದೂರಿನ ನಮ್ಮ ಬೀದಿಯಲ್ಲಿ ಟೇಪು ಎಂದು ಹೆಸರು. ಯಾರ ದನಿಯನ್ನಾದರೂ ಒಂದು ಸಲ ಕೇಳಿದರೆ ಸಾಕು, ಸಂಜೆಯ ಹೊತ್ತಿಗೆ ಅದು ನನ್ನ ಗಂಟಲಿಗೆ ಬಾಡಿಗೆಗೆ ಬಂದಿರುತ್ತದೆ. ಹೈಸ್ಕೂಲಿನಲ್ಲಿದ್ದಾಗ ಬಸ್‌ಸ್ಟ್ಯಾಂಡಿನಲ್ಲಿ ಒಂದು ಖಾಲಿ ಬಸ್ಸಿನ ಬಾಗಿಲಿಗೆ ಜೋತುಬಿದ್ದು, ಕಂಡಕ್ಟರ ಮೂಗಿನ ದನಿಯಲ್ಲಿ "ಮಳವಳ್ಳಿ ಮಳವಳ್ಳಿ ಮಳವಳ್ಳಿ" ಎಂದೆ. ಏಳು ಜನವೂ ಒಂದು ಕುರಿಮರಿಯೂ ಹತ್ತಿ ಕೂತವು. ಬಸ್ಸು ತುಮಕೂರಿನದು. ಇಳಿಯುವಾಗ ನನ್ನನ್ನು ಬೈಯದೆ ಹೋದದ್ದು ಆ ಕುರಿಮರಿಯೊಂದೇ. ಇನ್ನೊಂದು ಸಲ ಹೆಡ್ಮಾಸ್ಟರ ದನಿಯಲ್ಲಿ ಕಿಟಕಿಯಾಚೆಯಿಂದ "ಗಂಟೆ ಹೊಡಿಯಯ್ಯ" ಎಂದು ಕೂಗಿ, ಇಡೀ ಶಾಲೆಯನ್ನು ಮೂರಕ್ಕೇ ಬಿಡಿಸಿದ್ದೆ. ಸಿಕ್ಕಿಬಿದ್ದದ್ದು ಹೇಗೆಂದರೆ, ಎಲ್ಲರೂ ಮನೆಗೆ ಓಡುತ್ತಿದ್ದಾಗ ನಾನೊಬ್ಬ ಅಂಗಳದಲ್ಲಿ ನಿಂತು ನಗುತ್ತಿದ್ದೆ. ಮಾಡಬಾರದ್ದನ್ನು ಮಾಡಿ ಅಲ್ಲೇ ನಿಂತು ಸವಿಯುವ ಈ ಚಟ ಇನ್ನೂ ಬಿಟ್ಟಿಲ್ಲ. ಇಷ್ಟು ಜನರ ದನಿಗೆ ಜಾಗ ಕೊಟ್ಟು ಕೊಟ್ಟು ನನ್ನದೇ ದನಿ ಎಲ್ಲೋ ಅಟ್ಟ ಸೇರಿದೆ. ಫೋನಿನಲ್ಲಿ 'ಹಲೋ' ಎಂದರೆ ಈಗಲೂ ಕೆಲವರು "ಅಮ್ಮಾ, ನಿಮ್ಮ ಮಗನಿಗೆ ಕೊಡಿ" ಅನ್ನುತ್ತಾರೆ.

ಇಂಥವನು ಮಂಡ್ಯದಲ್ಲಿ ಎಂ.ಎ. ಸಮಾಜಶಾಸ್ತ್ರ ಸೇರಿದ್ದು, ಜನರನ್ನು ನೋಡುತ್ತಾ ಕೂತರೆ ಸಾಕು ಡಿಗ್ರಿ ಕೊಡುತ್ತಾರೆ ಎಂದು ಸೀನಿಯರೊಬ್ಬ ನಂಬಿಸಿದ್ದರಿಂದ. ಎರಡನೇ ವರ್ಷದ ಮೊದಲ ವಾರ ನಮ್ಮ ಮೇಡಂ ಬೋರ್ಡಿನ ಮೇಲೆ 'ತೌಲನಿಕ ಐತಿಹಾಸಿಕ ವಿಧಾನ' ಎಂದು ಬರೆದಾಗ ನನಗಾದ ಆಘಾತ ಸಣ್ಣದಲ್ಲ. ಬೋರ್ಡಿನ ಈ ತುದಿಯಿಂದ ಆ ತುದಿಯವರೆಗೆ ಇದ್ದ ಆ ಹೆಸರು, ಯಾವುದೋ ರೋಗಕ್ಕೆ ಇಟ್ಟ ಹಾಗಿತ್ತು.

ಮೇಡಂ ಮಾತ್ರ ಅದನ್ನು ತೀರಾ ಸಲೀಸಾಗಿ ಹೇಳಿದರು. "ಎರಡು ಊರು ತಗೊಳ್ಳಿ. ಮಣ್ಣು ಒಂದೇ, ನೀರು ಒಂದೇ, ಜನ ಒಂದೇ ಥರದವರು. ಒಂದು ಕಡೆ ಏನೋ ಉಳೀತು, ಇನ್ನೊಂದು ಕಡೆ ಅದೇ ಹೋಯ್ತು. ಯಾಕೆ? ಹಿಂದಕ್ಕೆ ಹೋಗ್ತಾ ಹೋಗ್ತಾ, ಇಬ್ಬರೂ ಯಾವ ತಿರುವಲ್ಲಿ ಬೇರೆ ಬೇರೆ ದಾರಿ ಹಿಡಿದ್ರು ಅಂತ ಹುಡುಕಬೇಕು. ಅಷ್ಟೇ." ಹಲ್ಲಿನ ಡಾಕ್ಟರು ಇಕ್ಕಳ ಕೈಗೆತ್ತಿಕೊಂಡು 'ಅಷ್ಟೇ' ಅನ್ನುತ್ತಾರಲ್ಲ, ಆ ಅಷ್ಟೇ.

ಆಮೇಲೆ ಯೋಚಿಸಿದಾಗ ಇದು ನನಗೆ ಹೊಸದಲ್ಲ ಅನ್ನಿಸಿತು. ನಮ್ಮವ್ವ ಈ ವಿಧಾನವನ್ನು ನಾನು ಹುಟ್ಟಿದಂದಿನಿಂದ ಬಳಸುತ್ತಿದ್ದಾಳೆ. "ಎದುರುಮನೆ ಸುರೇಸನೂ ನಿನ್ ಜೊತೇಲೇ ಹುಟ್ಟಿದ್ದು, ಅದೇ ಇಸ್ಕೂಲು, ಅದೇ ಹಾಲು. ಅವ್ನು ಎಲ್ಲವ್ನೆ, ನೀನು ಎಲ್ಲಿದ್ದೀಯಾ" ಎಂಬುದು ತೌಲನಿಕ. "ನಿಮ್ಮಪ್ಪನೂ ಈ ವಯಸ್ನಲ್ಲಿ ಇಂಗೇ ತಿರುಗ್ತಿದ್ದ" ಎಂಬುದು ಐತಿಹಾಸಿಕ. ಎರಡೂ ಸೇರಿದ ದಿನ ಮನೆಯಲ್ಲಿ ಊಟ ಮಾಡುವ ಹಾಗಿರಲಿಲ್ಲ. ಮದ್ದೂರಿನಿಂದ ಮಂಡ್ಯಕ್ಕೆ ದಿನಾ ಓಡಾಡಬಹುದಾಗಿದ್ದರೂ ನಾನು ಹಾಸ್ಟೆಲು ಸೇರಿದ್ದು ಈ ವಿಧಾನದಿಂದ ತಪ್ಪಿಸಿಕೊಳ್ಳಲಿಕ್ಕೇ. ಅಲ್ಲಿಗೂ ಅದು ಬೋರ್ಡಿನ ಮೇಲೆ ಬಂತು.

ಪ್ರಾಜೆಕ್ಟಿಗೆ ನಾನು ಆರಿಸಿಕೊಂಡದ್ದು ಆಲೆಮನೆ. ಭಾರತೀನಗರದಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿ ಎರಡು ಹಳ್ಳಿ. ಒಂದು ಮಳವಳ್ಳಿ ಕಡೆಗೆ, ಇನ್ನೊಂದು ಚಿಕ್ಕರಸಿನಕೆರೆ ಕಡೆಗೆ. ಎರಡಕ್ಕೂ ನಾಲೆಯ ನೀರು, ಎರಡರಲ್ಲೂ ಕಬ್ಬು, ಎರಡಕ್ಕೂ ಸಕ್ಕರೆ ಕಾರ್ಖಾನೆ ಅಷ್ಟೇ ಹತ್ತಿರ. ಮೊದಲನೆಯ ಊರಲ್ಲಿ ಆಲೆಮನೆ ಇವತ್ತಿಗೂ ಹೊಗೆಯಾಡುತ್ತಿದೆ, ಬೆಲ್ಲ ಅಚ್ಚಿಗೆ ಬೀಳುತ್ತಿದೆ. ಎರಡನೆಯ ಊರಿನದು ಎಂದೋ ಮುಚ್ಚಿಹೋಗಿ, ಕೊಪ್ಪರಿಗೆಯಲ್ಲಿ ಎಮ್ಮೆ ನೀರು ಕುಡಿಯುತ್ತಿದೆ. ಯಾಕೆ? ಮೇಡಂ ಈ ಪ್ರಶ್ನೆಯನ್ನು ಮೆಚ್ಚಿಕೊಂಡು ಬೆನ್ನು ತಟ್ಟಿದರು. ಆ ಮೊದಲ ಊರು ಅವ್ವನ ತವರು, ಹೋದಾಗಲೆಲ್ಲ ಸೋದರಮಾವ ನಾಟಿಕೋಳಿ ಕುಯ್ಯುತ್ತಾನೆ ಎಂಬುದನ್ನು ನಾನು ಮೇಡಂಗೆ ಹೇಳಿರಲಿಲ್ಲ. ಊರಿನ ಹೆಸರು ಬರೆಯಬಾರದೆಂಬ ನಿಯಮ ಇದ್ದದ್ದರಿಂದ ಅವು 'ಊರು ಎ' ಮತ್ತು 'ಊರು ಬಿ' ಆದವು.

ಊರು ಎ ಅನ್ನು ನಾನು ಬಲು ಆಳವಾಗಿ ಅಧ್ಯಯನ ಮಾಡಿದೆ. ಎಂಟು ಸಲ ಹೋದೆ, ಎಂಟು ಸಲವೂ ಕೈಗೆ ಮಸಾಲೆಯ ವಾಸನೆ ಉಳಿಯಿತು. ಅಲ್ಲಿ ಗಾಣಕ್ಕೆ ಒಂದು ಪಾಳಿ ಇತ್ತು. ಈ ವಾರ ಇವರ ಕಬ್ಬು, ಮುಂದಿನ ವಾರ ಅವರದು. ಪಾಳಿ ಮುಗಿದ ಮೇಲೆ ದೇವೇಂದ್ರನೇ ಗಾಡಿ ಹೊಡೆದುಕೊಂಡು ಬಂದರೂ ಗಾಣ ತಿರುಗುತ್ತಿರಲಿಲ್ಲ. ಅದನ್ನು ಬಿಚ್ಚಿ ಮಳವಳ್ಳಿಗೆ, ಇಮಾಮ್ ಸಾಬರ ಶೆಡ್ಡಿಗೆ ಕಳಿಸುತ್ತಿದ್ದರು.

ಇಮಾಮ್ ಸಾಬರು ಗಾಣದ ಮೆಕಾನಿಕ್ಕು. ಆ ಸುತ್ತಿನ ಗಾಣಗಳ ಹೊಟ್ಟೆಯೊಳಗೆ ಏನಿದೆ ಎಂಬುದು ಅವರಿಗೆ ತಮ್ಮ ಹೊಟ್ಟೆಗಿಂತ ಚೆನ್ನಾಗಿ ಗೊತ್ತು. ನಾನು ಪುಸ್ತಕ ತೆರೆದು, ಪೆನ್ನು ಬಿಚ್ಚಿ, ಆಲೆಮನೆಗಳ ಅವನತಿಯ ಬಗ್ಗೆ ಕೇಳಿದೆ. ಅವರು ಗ್ರೀಸಿನ ಕೈಯಲ್ಲೇ ಮೂಲೆಯ ಡಬ್ಬ ತಡಕಿ ಈ ಎರಡು ಬುಷ್ಷುಗಳನ್ನು ತೆಗೆದು ನನ್ನ ಪುಸ್ತಕದ ಮೇಲಿಟ್ಟರು.

"ತಮ್ಮಾ, ಎರಡೂ ಒಂದೇ ದಿನ ತಂದಿದ್ದು. ಇದು ನಿಮ್ಮ ಮಾವನೂರ ಗಾಣದ್ದು, ಇದು ಆ ಕಡೆ ಮರಿಗೌಡ್ರದ್ದು. ನೋಡು, ಏನು ಕಾಣ್ಸತ್ತೆ?"

"ಒಂದು ಜಾಸ್ತಿ ಸವೆದಿದೆ."

"ಜಾಸ್ತಿ ಅಲ್ಲ, ಒಂದೇ ಕಡೆ. ನಿಮ್ಮ ಮಾವನೂರೋರು ವರ್ಷಾ ವರ್ಷಾ ಬಿಚ್ಚಿ ತರ್ತಿದ್ರು, ನಾನು ಬುಷ್ಷು ಅರ್ಧ ಸುತ್ತು ತಿರುಗಿಸಿ ಕೂರಿಸ್ತಿದ್ದೆ. ಸುತ್ತಲೂ ಸವೀತು. ಮರಿಗೌಡ್ರ ಗಾಣ ನಿಲ್ತಾನೇ ಇರ್ಲಿಲ್ಲ. ಯಾರ ಗಾಡಿ ಬಂದ್ರೂ ಇಲ್ಲ ಅನ್ನೋರಲ್ಲ ಆ ಮನುಷ್ಯ. ಬಿಚ್ಚೋಕೆ ಪುರುಸೊತ್ತೆಲ್ಲಿ? ಒಂದು ದಿನ ಬುಷ್ಷು ತೂತಾಯ್ತು, ಉರುಳೆ ವಾಲ್ತು, ಅಚ್ಚು ಸೀಳ್ತು. ಅಲ್ಲಿಗೆ ಮುಗೀತು."

ನೀವೇ ಹೇಳಿ, ಇದಕ್ಕಿಂತ ಚೆಂದದ ತೌಲನಿಕ ಐತಿಹಾಸಿಕ ವಿಧಾನ ಇದೆಯೇ? ಮೇಡಂ ಹುಡುಕಲು ಹೇಳಿದ ತಿರುವು ನನ್ನ ಪುಸ್ತಕದ ಮೇಲೆ, ಗ್ರೀಸಿನ ಗುರುತು ಬಿಟ್ಟುಕೊಂಡು ಕೂತಿತ್ತು. ನಾನು ಏನು ಮಾಡಿದೆ? 'ಸಾಬರು ಮೆಕಾನಿಕ್ಕು, ಅವರಿಗೆ ಎಲ್ಲವೂ ನಟ್ಟು ಬೋಲ್ಟಾಗಿಯೇ ಕಾಣುತ್ತದೆ' ಎಂದುಕೊಂಡೆ. ಒಂದು ಊರಿನ ಇತಿಹಾಸಕ್ಕೆ ಹಿತ್ತಾಳೆ ಬಳೆ ಕಾರಣ ಎಂದು ಬರೆದರೆ ಮಾರ್ಕ್ಸು ಬರುತ್ತದೆಯೇ? ಬುಷ್ಷುಗಳನ್ನು ಪೇಪರ್‌ವೇಯ್ಟಿಗೆ ಆಗುತ್ತವೆಂದು ಕೇಳಿ ಈಸಿಕೊಂಡು ಚೀಲಕ್ಕೆ ಹಾಕಿಕೊಂಡೆ.

ಊರು ಬಿಗೆ ನಾನು ಹೋದದ್ದು ಒಂದೇ ಸಲ. ಅಲ್ಲಿ ಮಾವನಿಲ್ಲ, ಕೋಳಿಯಿಲ್ಲ. ಮಂಡ್ಯದಿಂದ ಮದ್ದೂರಿಗೊಂದು ಬಸ್ಸು, ಅಲ್ಲಿಂದ ಇನ್ನೊಂದು. ಆ ಎರಡನೆಯದು ಮಧ್ಯಾಹ್ನ ಒಳಗೆ ಹೋದರೆ ಸಂಜೆಯವರೆಗೆ ಹೊರಗೆ ಬರುವುದಿಲ್ಲ. ಮರಿಗೌಡರು ತೀರಿಕೊಂಡು ಬಹಳ ವರ್ಷವಾಗಿತ್ತು. ಅವರ ಹೆಂಡತಿ ಕೆಂಪಮ್ಮಜ್ಜಿ ಜಗಲಿಯ ಮೇಲೆ ಕೂತು, ಕೆಳದವಡೆಯಲ್ಲಿ ಹೊಗೆಸೊಪ್ಪು ಒತ್ತರಿಸಿಕೊಂಡು, ನನ್ನನ್ನು ಕಣ್ಣು ಕಿರಿದು ಮಾಡಿ ನೋಡಿತು.

"ಯಾವೂರ್ಲಾ ಮಗ? ಸಾಲ್ಗೀಲ್ದೋನಾ?"

"ಇಲ್ಲ ಅಜ್ಜಿ, ಓದ್ತಿದ್ದೀನಿ. ಎರಡು ಊರಿನ ಆಲೆಮನೆ ಹೋಲಿಸಿ ನೋಡ್ತಿದ್ದೀನಿ. ನಿಮ್ಮೂರು ಬಿ."

"ಅದ್ಯಾಕೆ ಬಿ? ಆ ಊರು ಏನು ಕೊಂಬಿಟ್ಕಂಡದಾ?"

ಊರಿನ ಮರ್ಯಾದೆಯ ಈ ಪ್ರಶ್ನೆಯನ್ನು ಹಾರಿಸಿ ಮುಂದಕ್ಕೆ ಹೋದೆ. ಫೋನಿನಲ್ಲಿ ರೆಕಾರ್ಡು ಒತ್ತಿ ಪಕ್ಕದಲ್ಲಿಟ್ಟೆ. ಗೊತ್ತಿದ್ದರೂ ದಾಖಲೆಗೆಂದು ಯಜಮಾನರ ಹೆಸರು ಕೇಳಿದೆ. "ಒಳಗೆ ಪಟ ನೇತಾಕವ್ರೆ, ಕೆಳಗೆ ಬರ್ದದೆ. ನಿಂಗೆ ಓದಕ್ಕೆ ಬತ್ತದಲ್ಲ" ಎಂದಿತು. ನನ್ನ ಓದನ್ನು ಆಡಿಕೊಳ್ಳುತ್ತಿದೆ ಎಂದುಕೊಂಡು ಒಳಗೆ ಹೋಗಿ ಪಟ ನೋಡಿ, 'ಮರಿಗೌಡ' ಎಂದು ಬರೆದುಕೊಂಡು ಬಂದೆ. ಆಮೇಲೆ ಅಜ್ಜಿ ಎರಡು ಗಂಟೆ ಮಾತಾಡಿತು. ಅದೇನು ಮಾತು. ಬೆಲ್ಲದ ಪಾಕ ಬಂದದ್ದನ್ನು ಮೂಗಿನಲ್ಲೇ ತಿಳಿಯುತ್ತಿದ್ದದ್ದು, ಬಾಣಂತನವಾಗಿ ತಿಂಗಳಿಗೇ ಕೊಪ್ಪರಿಗೆಯ ಮುಂದೆ ಕೂತದ್ದು. ನಾನು ಮಾತಿಗಿಂತ ಹೆಚ್ಚಾಗಿ ದನಿಯನ್ನು ಕೇಳುತ್ತಿದ್ದೆ. ಮುಂದಿನ ಎರಡು ಹಲ್ಲಿಲ್ಲದ ಸಂದಿಯಲ್ಲಿ ಸಿಳ್ಳೆಯಾಗಿ ಬರುವ ಸಕಾರ, ವಾಕ್ಯದ ಕೊನೆಯಲ್ಲಿ ಹೊಗೆಸೊಪ್ಪು ಆಚೆ ದವಡೆಗೆ ದಾಟುವ ಸದ್ದು. ಬಾಯಿ ಚಪ್ಪರಿಸುವ ಹಾಗಿತ್ತು.

ಹಾಸ್ಟೆಲಿಗೆ ಬಂದು ಫೋನು ತೆರೆದೆ. ಎರಡು ಗಂಟೆಯ ಮಾತಲ್ಲಿ ಉಳಿದಿದ್ದದ್ದು ಮೂರು ನಿಮಿಷ. ಮೂರನೇ ನಿಮಿಷಕ್ಕೆ ಅವ್ವನ ಫೋನು ಬಂದಿತ್ತು. ಅದು ಮುಗಿದ ಮೇಲೆ ರೆಕಾರ್ಡು ತಾನಾಗಿಯೇ ಮತ್ತೆ ಶುರುವಾಗುತ್ತದೆ ಎಂದು ನಾನು ನಂಬಿದ್ದೆ. ಪುಸ್ತಕದಲ್ಲಿದ್ದದ್ದು ಪಟದ ಕೆಳಗಿನ ಒಂದು ಹೆಸರು, ಅದರ ಪಕ್ಕ ಒಂದು ಎಮ್ಮೆಯ ಚಿತ್ರ.

ಮತ್ತೆ ಎರಡು ಬಸ್ಸು ಹತ್ತುವುದೇ? ಸೆಮಿನಾರಿಗೆ ಮೂರೇ ದಿನ. ಮಧ್ಯಾಹ್ನ ಎಲ್ಲರೂ ಕ್ರಿಕೆಟ್ಟಿಗೆ ಹೋದಾಗ ಬಾಗಿಲು ಹಾಕಿಕೊಂಡು, ಹೊದಿಕೆ ಮುಸುಕು ಹಾಕಿಕೊಂಡು, ಕೆಳದವಡೆಗೆ ಎರಡು ಕಡಲೆಬೀಜ ಒತ್ತರಿಸಿಕೊಂಡು ಅಜ್ಜಿಯಾದೆ.

ಮೊದಮೊದಲು ಅಜ್ಜಿ ಹೇಳಿದ್ದನ್ನೇ ಹೇಳುತ್ತಿದ್ದೆ, ಆಣೆ ಮಾಡಿ ಹೇಳುತ್ತೇನೆ. ಆದರೆ ಮಿಮಿಕ್ರಿಯವನ ಕಷ್ಟ ನಿಮಗೆ ಗೊತ್ತಿಲ್ಲ. ದನಿ ಸರಿಯಾಗಿ ಕೂತಿತೆಂದರೆ ಅದು ತಾನಾಗಿಯೇ ಮಾತಾಡಲು ಶುರುಮಾಡುತ್ತದೆ, ಕತೆಗೆ ಒಬ್ಬ ಕೇಡಿಗನನ್ನು ಕೇಳುತ್ತದೆ. ಗಾಣ ಸುಮ್ಮನೆ ಸವೆದು ನಿಂತಿತು ಎಂದರೆ ಸೆಮಿನಾರಿನಲ್ಲಿ ಯಾರು ಕೇಳುತ್ತಾರೆ? ಆ ಮನೆಯ ಪಕ್ಕದಲ್ಲೇ ಅಜ್ಜಿಯ ಮೈದುನ ಬೋರೇಗೌಡ ಇರುವುದು ಮಾತಿನ ನಡುವೆ ಬಂದಿತ್ತು. ನನ್ನ ಬಾಯಿಂದ ಅಜ್ಜಿ ಹೇಳಿಬಿಟ್ಟಿತು: ಪಾಲು ಸಿಗಲಿಲ್ಲವೆಂಬ ಹೊಟ್ಟೆಕಿಚ್ಚಿಗೆ ಬೋರೇಗೌಡನೇ ಉರುಳೆಗೆ ಕಬ್ಬಿಣದ ಗೂಟ ಕೊಟ್ಟು ಗಾಣ ಒಡೆದ ಎಂದು. ಹೇಳಿದ ಮೇಲೆ ನನಗೇ ಅಯ್ಯೋ ಪಾಪ ಅನ್ನಿಸಿತು, ಅಷ್ಟು ಚೆನ್ನಾಗಿತ್ತು. ಊರು ಎ-ಯ ರೆಕಾರ್ಡುಗಳಲ್ಲಿ ಜನ ಬರೀ 'ಅವ್ರು, ಇವ್ರು' ಅನ್ನುತ್ತಾರೆ, ಯಾರು ಯಾರೆಂದು ತಿಳಿಯುವುದಿಲ್ಲ ಎಂದು ಮೇಡಂ ಒಂದು ಸಲ ಗೊಣಗಿದ್ದು ನೆನಪಿತ್ತು. ಅದಕ್ಕೇ ಇಲ್ಲಿ ಎಲ್ಲರ ಹೆಸರನ್ನೂ ಬಿಡಿಸಿ ಬಿಡಿಸಿ ಹೇಳಿಸಿದೆ. ಹಳ್ಳಿಯ ಕಳೆ ಬರಲೆಂದು ಕೋಳಿ ಕೂಗಿಸಿದೆ.

ಸೆಮಿನಾರಿನಲ್ಲಿ ಅದು ಮುಗಿದಾಗ ಕ್ಲಾಸು ಉಸಿರು ಬಿಟ್ಟಿತು. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡು, "ನೋಡಿ, ತಿರುವು ಅಂದ್ರೆ ಇದು. ಒಂದು ಊರಲ್ಲಿ ಪಾಳಿ, ಇನ್ನೊಂದು ಊರಲ್ಲಿ ದಾಯಾದಿ ಜಗಳ" ಎಂದರು. "ಆ ಕೋಳಿ ಕೂಗು ಕೇಳಿದ್ರಾ? ಕ್ಷೇತ್ರಕಾರ್ಯದ ಜೀವಂತಿಕೆ ಅಂದ್ರೆ ಅದು." ನಾನು ಶಾಲೆಯ ಅಂಗಳದಲ್ಲಿ ನಿಂತಿದ್ದ ಹಾಗೆಯೇ ನಿಂತು ಸವಿಯುತ್ತಿದ್ದೆ. ಆಗ ಮೇಡಂ ಕೇಳಿದರು.

"ಇದನ್ನ ಆ ಅಜ್ಜಿಗೆ ಕೇಳಿಸಿ ಒಪ್ಪಿಗೆ ತಗೊಂಡಿದ್ದೀಯಾ?"

"ಇಲ್ಲ ಮೇಡಂ. ಅವರಿಗೆ ಕಿವಿ ಅಷ್ಟು..."

"ಹೇಳಿದವರಿಗೆ ಕೇಳಿಸಿ ಹೌದು ಅನ್ನಿಸಿಕೊಳ್ಳೋವರೆಗೂ ಇದು ಇತಿಹಾಸ ಅಲ್ಲಪ್ಪ, ಚಾಡಿ. ಭಾನುವಾರ ಹೋಗೋಣ. ನಾನೂ ಬರ್ತೀನಿ, ನಾನೂ ಆ ಕಡೆ ನೋಡಿಲ್ಲ."

ಆ ಕ್ಷಣ ನನ್ನ ಮುಖ ಹೇಗಿತ್ತೋ, ಪಕ್ಕದ ಗೆಳೆಯ ನೀರಿನ ಬಾಟಲಿ ಕೊಟ್ಟ. ಭಾನುವಾರದ ತನಕ ನನಗೆ ಜ್ವರ ಬರಲಿಲ್ಲ, ಬಸ್ ಮುಷ್ಕರವಾಗಲಿಲ್ಲ. ಮದ್ದೂರಿನಲ್ಲಿ ಹೊಟ್ಟೆನೋವು ಎಂದೆ. ಮೇಡಂ ಬ್ಯಾಗಿನಿಂದ ಮಾತ್ರೆ ತೆಗೆದರು. ಭಾರತೀನಗರದಲ್ಲಿ ತಲೆಸುತ್ತು ಎಂದೆ. ಅದಕ್ಕೂ ಒಂದು ಮಾತ್ರೆ ಇತ್ತು. ಇಲ್ಲದ ಎರಡು ರೋಗಕ್ಕೆ ಎರಡು ಮಾತ್ರೆ ನುಂಗಿ ಊರು ಬಿಯಲ್ಲಿ ಇಳಿದೆ.

ಅಜ್ಜಿ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿತ್ತು. ಮಗ ಸೊಸೆ ಗದ್ದೆಗೆ ಹೋಗಿದ್ದರು. ಮೇಡಂ ಬಂದರೆಂದು ಪಕ್ಕದ ಮನೆಯ ಬೋರೇಗೌಡರೇ ಎಳನೀರು ಹೊತ್ತು ತಂದು, ಎದುರಿಗೆ ಕೂತು ಕೊಚ್ಚತೊಡಗಿದರು. ಬೆಳ್ಳಗಿನ ಮೀಸೆ, ಸಣ್ಣ ಮೈ. ಹೆಂಡತಿ ಹೋದ ಮೇಲೆ ಮಧ್ಯಾಹ್ನದ ಊಟ ಅತ್ತಿಗೆಯ ಮನೆಯಲ್ಲೇ ಎಂದು ಅವರೇ ಹೇಳಿದರು. "ಇವ್ಳ ಕೈಯ ಬಸ್ಸಾರು ಉಂಡೇ ಬದುಕಿವ್ನಿ ಕಣವ್ವ" ಎಂದು ಮೇಡಂ ಕೈಗೆ ಎಳನೀರು ಕೊಟ್ಟರು. ನನಗೂ ಒಂದು ಕೊಟ್ಟರು. ಗಾಣ ಒಡೆದ ಕೇಡಿಗ ಕೊಟ್ಟ ಎಳನೀರನ್ನು ಪಕ್ಕಕ್ಕಿಟ್ಟುಕೊಂಡೆ.

ಮೇಡಂ ನನ್ನ ಫೋನನ್ನು ಜಗಲಿಯ ಮೇಲಿಟ್ಟು ದನಿ ಜೋರು ಮಾಡಿದರು. ಕೆಂಪಮ್ಮಜ್ಜಿಯ ದನಿ ಕೇಳಿ ಕೆಂಪಮ್ಮಜ್ಜಿಯೇ ಬಾಯಿ ತೆರೆದುಕೊಂಡು ನಕ್ಕಿತು. "ನೋಡ್ಲಾ ಬೋರ, ನಾನೇ. ಯಂಗೆ ಮಾತಾಡ್ತೀನಿ." ಆಗ ಕೋಳಿ ಕೂಗಿತು.

"ಕೋಳಿ ಯಾರ್ದು? ನಾನು ಕೋಳಿ ಸಾಕದ ಬುಟ್ಟು ಬಾಳಾ ದಿನ ಆಯ್ತಲ್ಲ."

"ಪಕ್ಕದ ಮನೇದಿರಬೇಕು ಅಜ್ಜಿ" ಎಂದೆ.

"ನಮ್ಮನೇಲೂ ಇಲ್ಲ" ಎಂದರು ಬೋರೇಗೌಡರು, ಇನ್ನೊಂದು ಎಳನೀರು ಕೈಗೆತ್ತಿಕೊಳ್ಳುತ್ತಾ.

ಮೇಡಂ ನನ್ನ ಕಡೆ ನೋಡಿದರು. ನಾನು ಮಾಡಿನ ಹೆಂಚು ಎಣಿಸಿದೆ. ಅಷ್ಟರಲ್ಲಿ ರೆಕಾರ್ಡು ಬೋರೇಗೌಡರ ಹೆಸರಿಗೆ ಬಂತು. ಹೊಟ್ಟೆಕಿಚ್ಚು, ಕಬ್ಬಿಣದ ಗೂಟ, ಒಡೆದ ಉರುಳೆ. ಮಚ್ಚು ಎಳನೀರಿನ ಮೇಲೆ ಎತ್ತಿದ್ದು ಎತ್ತಿದ ಹಾಗೇ ನಿಂತಿತು.

"ಅತ್ಗೆ, ಇಂಗಂದ್ಯಾ?"

ಬೈಗುಳಕ್ಕೆ ನಾನು ಸಿದ್ಧನಿದ್ದೆ. ಅಜ್ಜಿ 'ಸುಳ್ಳು' ಎಂದು ಕಿರುಚುತ್ತದೆ, ನನ್ನ ಬಣ್ಣ ಬಯಲಾಗುತ್ತದೆ ಎಂದುಕೊಂಡಿದ್ದೆ. ಆದದ್ದು ಅದಲ್ಲ. ಅಜ್ಜಿ ಫೋನನ್ನೇ ನೋಡುತ್ತಾ, ಹುಣಸೆಯಂಟಿದ ಬೆರಳನ್ನು ಹಣೆಗೆ ಒತ್ತಿಕೊಂಡು, ಮೆಲ್ಲಗೆ ಹೇಳಿತು.

"ಯಾವಾಗಂದೆ... ದನಿ ನಂದೇ ಅದಲ್ಲ. ಅಂದಿರ್ಬೇಕು ಕಣಪ್ಪ. ಈಚೆಗೆ ತಲೆ ನಿಲ್ಲಕ್ಕಿಲ್ಲ. ಮೊನ್ನೆ ಹಾಲು ಮಡಗಿ ಮರ್ತು ಉಕ್ಕುಸ್ಬುಟ್ಟೆ."

"ಮರೆಯದು ಬೇರೆ ಕಣತ್ಗೆ. ನಡೀದೆ ಇದ್ದದ್ದ ಗ್ಯಾಪ್ಕ ಮಾಡ್ಕಳದು ಬೇರೆ."

"ಅದೇ ಕಣ್ಲಾ. ಇದ್ಯಾವ ಕೇಡು ಬಂತು ನನ್ ತಲೆಗೆ."

ಬೋರೇಗೌಡರು ಮಚ್ಚನ್ನು ನೆಲಕ್ಕಿಟ್ಟು ಎದ್ದು ನಿಂತರು. ಕೋಪವಿದ್ದರೆ ಪರವಾಗಿರಲಿಲ್ಲ. ನೆಂಟರ ಮನೆಯಲ್ಲಿ ಊಟಕ್ಕೆ ಕರೆಯದೆ ಬಿಟ್ಟ ಮನುಷ್ಯನ ಹಾಗೆ, ಎಲ್ಲಿ ನೋಡಬೇಕೆಂದು ತಿಳಿಯದೆ ನಿಂತಿದ್ದರು. ನಾನು ಬಾಯಿ ತೆರೆದೆ. ಊರಿನವರೆಲ್ಲರ ದನಿ ಇರುವ ಬಾಯಲ್ಲಿ ನನ್ನ ದನಿ ಬರಲಿಲ್ಲ. ರೆಕಾರ್ಡು ಮಾತ್ರ ನಿಲ್ಲದೆ ಓಡುತ್ತಿತ್ತು. "ನನ್ನ ಗಂಡ ಮರಿಗೌಡ ಆವತ್ತು ಗಾಣದ ಮುಂದೆ ಕೂತು..."

ಅಜ್ಜಿಯ ಕೈಯಿಂದ ಹುಣಸೆಬೀಜ ಜಾರಿ ಜಗಲಿಯ ಮೇಲೆ ಉರುಳಿತು.

"ಏನಂತು? ಇನ್ನೊಂದು ಕಿತ ಹಾಕು."

ಹಿಂದಕ್ಕೆ ಎಳೆದು ಹಾಕಿದೆ. ನನ್ನ ಗಂಡ ಮರಿಗೌಡ.

"ಇದು ನಾನಲ್ಲ" ಎಂದಿತು ಅಜ್ಜಿ. ಈ ಸಲ ದನಿಯಲ್ಲಿ ಸಿಳ್ಳೆಯೂ ಇರಲಿಲ್ಲ, ನಡುಕವೂ ಇರಲಿಲ್ಲ. ಮೇಡಂ ಕಡೆ ತಿರುಗಿ, "ಅವ್ರ ಎಸ್ರ ನಾನು ಇವತ್ತಿನ್ಗಂಟ ಬಾಯಲ್ಲಿ ತಂದಿಲ್ಲ ಕಣವ್ವ. ಮದ್ವೇಲಿ ಬಾಗ್ಲಿಗೆ ಅಡ್ಡ ನಿಂತು ಯೋಳು ಯೋಳು ಅಂದ್ರು, ಅಳು ಬಂತೇ ಹೊರತು ಎಸ್ರು ಬರ್ಲಿಲ್ಲ. ಓಟಿನ ಪಟ್ಟಿಯೋರು ಬಂದಾಗ ಈ ಬೋರನ್ನ ಕರ್ದು ಯೋಳುಸ್ದೆ. ಅವ್ರು ತೀರ್ಕಂಡ್ಮೇಲೆ ಆಫೀಸ್ನೋರು ಕೇಳುದ್ರು, ಆಗ್ಲೂ ಇವ್ನೇ" ಎಂದಿತು.

"ನಾನೇ ಯೋಳಿದ್ದು" ಎಂದರು ಬೋರೇಗೌಡರು ನಿಂತಲ್ಲಿಂದಲೇ.

ನನ್ನ ಪ್ರಾಜೆಕ್ಟಿನಲ್ಲಿ ಮೇಡಂಗೆ ಸಿಗದ ತಪ್ಪು, ಪರೀಕ್ಷಕರಿಗೂ ಸಿಗದಿರಬಹುದಾಗಿದ್ದ ತಪ್ಪು. ಪಟ ನೋಡಿ ಓದಿಕೋ ಎಂದು ಅಜ್ಜಿ ಅವತ್ತೇ ನನ್ನ ಮುಖಕ್ಕೇ ಹೇಳಿತ್ತು. ನಾನು ದನಿ ಕದಿಯುವ ಆತುರದಲ್ಲಿ ಆ ದನಿ ಏನನ್ನು ಹೇಳುವುದಿಲ್ಲ ಎಂಬುದನ್ನು ಕೇಳಿಸಿಕೊಂಡಿರಲಿಲ್ಲ.

"ಅದು ನಾನಜ್ಜಿ" ಎಂದೆ.

"ನೀನು ಅಂದ್ರೆ?" ಎಂದರು ಮೇಡಂ.

"ಅಜ್ಜಿಯ ದನಿ ನಾನೇ ಮಾಡಿದ್ದು. ಕೋಳಿಯೂ ನಾನೇ. ಬೋರೇಗೌಡ್ರು ಏನೂ ಮಾಡಿಲ್ಲ. ಅಜ್ಜಿ ಏನೂ ಮರೆತಿಲ್ಲ."

ಯಾರೂ ನಂಬಲಿಲ್ಲ. ಬೋರೇಗೌಡರು ಹತ್ತಿರ ಬಂದು, "ಎಲ್ಲಿ, ಮಾಡ್ಲಾ" ಎಂದರು. ಜೀವಮಾನದಲ್ಲಿ 'ಮಾಡು' ಅನ್ನಿಸಿಕೊಂಡು ನಾನು ಹಿಂಜರಿದದ್ದು ಅದೊಂದೇ ಸಲ. ಕೆಂಪಮ್ಮಜ್ಜಿಯ ಎದುರಿಗೆ ಕೂತು, ಕಡಲೆಬೀಜವಿಲ್ಲದೆ, ಕೆಂಪಮ್ಮಜ್ಜಿಯಾಗಿ ಒಂದು ವಾಕ್ಯ ಹೇಳಿದೆ. ಮೇಡಂ ಕೈಯ ಎಳನೀರು ಸೀರೆಯ ಮೇಲೆ ಚೆಲ್ಲಿತು. ಅವರು ಒರೆಸಿಕೊಳ್ಳಲಿಲ್ಲ. ಅಜ್ಜಿ ನನ್ನ ಬಾಯನ್ನೇ, ಹಾವು ನುಂಗಿದ್ದನ್ನು ಹೊರಗೆ ಕಕ್ಕುವುದನ್ನು ನೋಡುವ ಹಾಗೆ ನೋಡಿತು.

ಆಮೇಲೆ ಚೀಲದಿಂದ ಬುಷ್ಷುಗಳನ್ನು ತೆಗೆದೆ. ಇಮಾಮ್ ಸಾಬರು ಹೇಳಿದ್ದನ್ನೆಲ್ಲ ಹೇಳಿದೆ, ನನ್ನದೇ ದನಿಯಲ್ಲಿ. ಅದು ಇಷ್ಟು ಸಣ್ಣದಿದೆ ಎಂದು ನನಗೆ ಗೊತ್ತಿರಲಿಲ್ಲ. ಬೋರೇಗೌಡರು ಒಂದೇ ಕಡೆ ಸವೆದ ಬುಷ್ಷನ್ನು ಕೈಗೆ ತೆಗೆದುಕೊಂಡು, ತೆಳ್ಳಗಾದ ಕಡೆ ಹೆಬ್ಬೆರಳಾಡಿಸಿದರು.

"ಸಾಬ್ರು ಯೋಳಿದ್ದೇ ನಿಜ. ಬಂದ ಗಾಡಿಯ ವಾಪಸ್ ಕಳಿಸ್ದೋನಲ್ಲ ನಮ್ಮಣ್ಣ. ನಮ್ ಕಬ್ಬು ಗದ್ದೇಲಿ ಒಣಗ್ತಾ ಇರದು, ಇವ್ನು ಕಂಡೋರ್ದ ಅರೀತಿದ್ದ. ನಾನು ಬೈತಿದ್ದೆ. ಬೈದಿದ್ದು ನಿಜ, ಅದ ಬೇಕಾದ್ರೆ ಬರ್ಕೊ" ಎಂದು ಹೇಳಿ, ಇಳಿಸಿದ್ದ ಮಚ್ಚಿನ ಪಕ್ಕದಲ್ಲಿ ಮತ್ತೆ ಕೂತರು. ಕೂತದ್ದನ್ನು ಅಜ್ಜಿ ಓರೆಗಣ್ಣಲ್ಲಿ ನೋಡಿ ಖಚಿತ ಮಾಡಿಕೊಂಡು, "ಇವತ್ತು ಉರಳೀಕಾಳಿನ ಬಸ್ಸಾರು" ಎಂದಿತು, ಯಾರಿಗೂ ಹೇಳದ ಹಾಗೆ.

ಮೇಡಂ ಅಜ್ಜಿಯ ಕೈ ಹಿಡಿದುಕೊಂಡು ಕ್ಷಮೆ ಕೇಳಿದರು. ನನ್ನ ಕಡೆ ತಿರುಗಿ, "ಪ್ರಾಜೆಕ್ಟು ಹೊಸದಾಗಿ ಬರಿ. ಅದನ್ನ ಈಗಲೇ ಅಳಿಸು" ಎಂದರು. ನಾನು ಫೋನು ಎತ್ತಿಕೊಂಡೆ.

"ತಡಿ" ಎಂದಿತು ಅಜ್ಜಿ. "ಆ ಎಸ್ರು ಬಂತಲ್ಲ, ಅದ ಇನ್ನೊಂದು ಕಿತ ಹಾಕು."

ಹಾಕಿದೆ. ಅಜ್ಜಿ ತನ್ನ ದನಿಯಲ್ಲಿ ತನ್ನ ಗಂಡನ ಹೆಸರನ್ನು ಕೇಳಿತು. ಸೆರಗನ್ನು ಬಾಯಿಗೆ ಒತ್ತಿಕೊಂಡು, ಪಟವಿದ್ದ ಒಳಗೋಡೆಯ ಕಡೆ ಒಂದು ಸಲ ನೋಡಿ, ಹೊಸ ಮದುವೆಯಾದವಳ ಹಾಗೆ ತಲೆ ತಗ್ಗಿಸಿತು. ಬೋರೇಗೌಡರು ಬೀದಿಯ ಕಡೆ ಮುಖ ಮಾಡಿ ಕೂತರು. ಅಜ್ಜಿ ಸೆರಗು ಬಿಟ್ಟು, "ಅದೊಂದ ಬುಟ್ಟು ಮಿಕ್ಕಿದ್ದ ಅಳುಸ್ಬುಡು" ಎಂದಿತು.

ಹಾಗೆಯೇ ಮಾಡಿದೆ. ಆ ಒಂದು ತುಣುಕು ಈಗ ಅಜ್ಜಿಯ ಸೊಸೆಯ ಫೋನಿನಲ್ಲಿದೆಯಂತೆ.

ಅಲ್ಲಿಗೆ ನಾನು ಸುಮ್ಮನಿದ್ದಿದ್ದರೆ ಗೌರವವಾಗಿ ಎದ್ದು ಬರಬಹುದಿತ್ತು. ಆದರೆ ಬದುಕಿಕೊಂಡೆ ಎಂಬ ನಿರಾಳದಲ್ಲಿ ನನ್ನ ಬಾಯಿ ಮತ್ತೆ ಹರಿಯತೊಡಗಿತು. ಕೆಟ್ಟ ಉದ್ದೇಶವೇನೂ ಇರಲಿಲ್ಲ ಅಜ್ಜಿ, ಅವ್ವ ಫೋನು ಮಾಡಿ ರೆಕಾರ್ಡು ನಿಂತುಹೋಯಿತು, ಸೆಮಿನಾರಿಗೆ ಮೂರೇ ದಿನ ಇತ್ತು, ನಿಮ್ಮೂರಿಗೆ ಎರಡು ಬಸ್ಸು ಬದಲಾಯಿಸಬೇಕು, ಆ ಎರಡನೆಯದು ಮಧ್ಯಾಹ್ನಕ್ಕೊಂದೇ, ಸಂಜೆವರೆಗೂ ವಾಪಸ್ಸಿಲ್ಲ ಎಂದು ಬೆರಳು ಮಡಿಸುತ್ತಾ ಹೋದೆ. ಅಜ್ಜಿ ಎಲ್ಲವನ್ನೂ ಕೇಳಿತು. ಹೊಗೆಸೊಪ್ಪನ್ನು ಈ ದವಡೆಯಿಂದ ಆ ದವಡೆಗೆ ದಾಟಿಸಿತು. ಹುಣಸೆಯ ಮೊರವನ್ನು ಹತ್ತಿರಕ್ಕೆಳೆದುಕೊಂಡು, ತಲೆಯೆತ್ತದೆ ಹೇಳಿತು:

"ಎಲ್ಡೂರ ಪಕ್ಕಪಕ್ಕ ಮಡಗಿ ನೋಡ್ತೀನಿ ಅಂತ ಬಂದೋನ್ಗೆ, ಒಂದೂರ್ಗೆ ಎಲ್ಡು ಸಲ ಬರಕ್ಕಾಗ್ಲಿಲ್ವೇನ್ಲಾ?"